ಒಳಜೇಬು

ಹೊಳೆ ನಡುವಿನ ಮರಳದಿಬ್ಬದ ಮೇಲೆ ಸಿಕ್ಕಳು.
ತಲೆ ನಮ್ಮ ಕಡೆ, ಕಾಲು ತೆಲಂಗಾಣದ ಕಡೆ.
ಎರಡು ಜೀಪಿನವರು ಸೇತುವೆಯ ಕಂಬ ಎಣಿಸುತ್ತ
ಮಧ್ಯಾಹ್ನ ಮಾಡಿದರು.
'ಹನ್ನೊಂದನೇ ಕಂಬದಾಚೆ ನಮದಲ್ಲ' ಅಂದರು ಇವರು.
'ಹೆಣ ಮೀದೇ ಕದಾ' ಅಂದರು ಅವರು.
ಮೇಲೆ ಸುತ್ತುತ್ತಿದ್ದ ಹದ್ದಿಗೆ
ಯಾವ ಹದ್ದೂ ಇರಲಿಲ್ಲ.

ಮುಖ ಮೀನು ತಿಂದಿದ್ದವು.
ಪೇದೆ ನನ್ನ ಅಂಗಡಿಗೆ ಬಂದ, ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಕುಪ್ಪಸ.
'ಬಸ್ಲಿಂಗಮ್ಮ, ನಿನ್ನ ಹೊಲಿಗೇನಾ ನೋಡು.'

ನೋಡೋದೇನು.
ಕಂಕುಳ ಕೆಳಗೆ ಒಂದು ಬೆರಳು ಬಟ್ಟೆ ಒಳಗೇ ಮಡಚಿ ಬಿಡುವವಳು
ಈ ದಂಡೆಯಲ್ಲಿ ನಾನೊಬ್ಬಳೇ,
ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಅಂತ.
ಇವಳು ಯಾವತ್ತೂ ಬಿಚ್ಚಿಕೊಂಡಿರಲಿಲ್ಲ.
ಉರುಕುಂದಮ್ಮ, ಅಂದೆ.

ಅಳತೆ ಪುಸ್ತಕ ತೆಗೆದೆ, ಶಕ್ತಿನಗರದ ಬೂದಿ ಒರೆಸಿ.
ಎದೆ ಮೂವತ್ತನಾಲ್ಕು, ಮೂರು ವರ್ಷಕ್ಕೆ ಮೂವತ್ತೊಂದು.
ತೋಳು ಮಾತ್ರ ಬೆಳೆಯುತ್ತ ಬಂದಿತ್ತು:
ಮದುವೆಯ ವರ್ಷ ಐದು ಇಂಚು,
ಆಮೇಲೆ ಏಳು, ಒಂಬತ್ತು,
ಹೋದ ಉಗಾದಿಗೆ ಮೊಣಕೈ ದಾಟಿ ಹನ್ನೆರಡು.
'ಮೆಣಸಿನಕಾಯಿ ಹೊಲದಾಗ ಮೈ ಸುಡ್ತದ ಅಕ್ಕಾ' ಅಂದಿದ್ದಳು.
ಹ್ಞೂಂ ಅಂದು ಬರೆದುಕೊಂಡು ಪೆನ್ಸಿಲು ಕಿವಿಗೆ ಸಿಕ್ಕಿಸಿದ್ದೆ.
ಟೇಪು ತಾಗಿದರೆ ಅವಳು ಮುದುಡುತ್ತಿದ್ದ ಜಾಗ
ನನ್ನ ಬೆರಳಿಗೆ ಗೊತ್ತಿತ್ತು.
ಪುಸ್ತಕದಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಸಂಜೆಯೊಳಗೆ ಗಂಡನ್ನ ಎಳೆದು ತಂದರು.
'ಹೊಡೀತಿದ್ದೆ, ದಿನಾ ಹೊಡೀತಿದ್ದೆ, ಕೊಂದಿಲ್ರೀ' ಅಂತ
ಠಾಣೆ ಕಟ್ಟೆಯ ಮೇಲೆ ಅಳುತ್ತಿದ್ದ.
ಯಾರೂ ನಂಬಲಿಲ್ಲ.
ನಾನೊಬ್ಬಳು ನಂಬಿದೆ, ಬಾಯಿ ಬಿಡಲಿಲ್ಲ.

ಯಾಕೆಂದರೆ ಆ ಕುಪ್ಪಸದ ಎಡಮಗ್ಗುಲಿಗೆ, ಒಳಗೆ,
ನಾನೊಂದು ಜೇಬು ಹೊಲಿದಿದ್ದೆ, ಎರಡು ಬೆರಳಗಲ,
ಗಂಡನ ಕೈಗೆ ಸಿಗದ ಕೂಲಿಗೆ.
ಆಮೇಲಾಮೇಲೆ ಅದರಲ್ಲಿ ಒಂದು ಚೀಟಿಯೂ ಇರುತ್ತಿತ್ತು.
ನನ್ನ ಪೆನ್ಸಿಲ್ ತುಂಡು ಬೇಡಿ ಒಯ್ದು ಬರೆದದ್ದು:
ಟೆಂಪೋದಲ್ಲಿ ಹೊಳೆ ದಾಟುವ ಹದಿನಾಲ್ಕು ಹೆಂಗಸರು,
ಮೇಸ್ತ್ರಿ ಹಿಡಿದಿಟ್ಟ ಹದಿನೆಂಟು ದಿನದ ಲೆಕ್ಕ.
ಅಕ್ಷರ ಬಾರದವಳು. ಗೀಟು, ಗೀಟು, ಐದಕ್ಕೊಂದು ಅಡ್ಡಗೀಟು.

ಚೀಲದ ಕುಪ್ಪಸದಲ್ಲಿ ಜೇಬಿರಲಿಲ್ಲ.
ಕುಡುಕನ ಕೈಯಾದರೆ ಬಟ್ಟೆ ಸಮೇತ ಹರಿಯುತ್ತಿತ್ತು.
ಇದು ಬಿಚ್ಚಿದ್ದು.
ಮೂರು ಹೊಲಿಗೆಗೊಂದು ಕತ್ತರಿಸಿ, ಹಿಂದಿನಿಂದ ದಾರ ಎಳೆದು,
ಜೇಬಿತ್ತೆಂಬ ಗುರುತೂ ಉಳಿಯದ ಹಾಗೆ.
ಸೂಜಿಯ ತೂತುಗಳಷ್ಟೇ ಉಳಿದಿದ್ದವು, ಒಂದೇ ಸಾಲಿಗೆ.
ನನ್ನ ಕ್ರಮ ಅದು.
ಈ ಮಿಷನ್ನಿನ ಪಾದದಡಿ ಕೂತು
ಚಿಂದಿ ಬಟ್ಟೆಯ ಮೇಲೆ ಅದನ್ನು ಕಲಿತವನು ಒಬ್ಬನೇ.
ಬಿಳಿ ಟೆಂಪೋ ಅವನದು.
ಜೇಬಿನ ಮಾತು ಅವನಿಗೆ ಹೇಳಿದವಳೂ ನಾನೇ,
ರೊಟ್ಟಿ ಬಡಿಯುತ್ತ, ನಗಾಡುತ್ತ:
'ಉರುಕುಂದಿ ಶಾಣೇಕಿ ಆಗ್ಯಾಳಪಾ.'

ರಾತ್ರಿ ಅವನು ಎರಡು ರೊಟ್ಟಿ ಜಾಸ್ತಿ ಉಂಡ.
ಟೆಂಪೋ ತೊಳೆದ ನೀರು ಅಂಗಳದಿಂದ
ಹೊಸ್ತಿಲ ತನಕ ಬಂತು.

ಬೆಳಿಗ್ಗೆ ಸೇತುವೆಯ ಮೇಲೆ ನಿಂತೆ.
ಈ ಕಡೆಯ ಠಾಣೆಯ ಪೇದೆ ಅವನ ಜೊತೆ ಚಹಾ ಕುಡಿಯುತ್ತಾನೆ.
ಆ ಕಡೆಯ ಮಾತು ನನಗೆ ಅರ್ಧ ಬರುತ್ತದೆ.
ನಡೆದೆ. ಕಂಬ ಎಣಿಸಲಿಲ್ಲ.

ಅಳತೆ ಪುಸ್ತಕ ಮೇಜಿನ ಮೇಲಿಟ್ಟೆ,
ಉರುಕುಂದಮ್ಮನ ಪುಟ ತೆರೆದು.
ರೈಟರು ಹೆಸರು ಕೇಳಿದ.
ದೇವಸೂಗೂರಿನ ದೇವರಿಗೆ ಹರಕೆ ಹೊತ್ತು ಇಟ್ಟ ಹೆಸರು:
ಸೂಗೂರೇಶ, ಅಂದೆ.
'ನೀಕು ಏಮವುತಾಡು?'
ಮಗ ಅನ್ನಲು ನಾಲಿಗೆ ಏಳಲಿಲ್ಲ.
'ಕೊಡುಕು' ಅಂದೆ.
ಅವನು ಬರೆದುಕೊಂಡ.